ಮಗು ಎನ್‌ಐಸಿಯು ಒಳಗೆ, ತಾಯಿ ಹೊರಗೆ ಬೆಂಚಿನ ಮೇಲೆ: ಮನೆಯವರು ಏನು ಮಾಡಬೇಕು?

"ನಮ್ಮ ತಂಗಿ ಹುಬ್ಬಳ್ಳಿ ಕಿಮ್ಸ್‌ನಲ್ಲಿದ್ದಾಳೆ, ಮಗುವಿನ ಹೃದಯದಲ್ಲಿ ತೂತು ಇದೆ ಅಂತಿದ್ದಾರೆ, ನಾವೇನು ಮಾಡಬೇಕು?" ಗದಗ, ಹಾವೇರಿ, ನವಲಗುಂದ, ಕಲಘಟಗಿ, ಎಲ್ಲ ಕಡೆಯಿಂದಲೂ ಓದುಗರು ಕೇಳುವುದು ಇದನ್ನೇ. ಒಬ್ಬರಿಗೆ ಸೀಳುತುಟಿ, ಇನ್ನೊಬ್ಬರಿಗೆ ಒಳಗೆ ತಿರುಗಿದ ಪಾದ, ಮತ್ತೊಬ್ಬರಿಗೆ ಬೆನ್ನ ಮೇಲಿನ ಗಂಟು. ಪ್ರಶ್ನೆ ಮಾತ್ರ ಒಂದೇ.

ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಒಳಗೆ ಮಗುವನ್ನು ನೋಡಿಕೊಳ್ಳಲು ಡಾಕ್ಟರ್, ನರ್ಸ್, ಯಂತ್ರ ಎಲ್ಲ ಇವೆ. ತಾಯಿಯ ಕಥೆ ಬೇರೆ. ಹೆರಿಗೆ ವಾರ್ಡಿನಿಂದ ಡಿಸ್ಚಾರ್ಜ್ ಆದ ಕೂಡಲೇ ಅವಳ ಹೆಸರಿನ ಕೇಸ್ ಶೀಟ್ ಮುಚ್ಚಿತು. ಅವಳಿನ್ನೂ ಹಸಿ ಬಾಣಂತಿ, ಹೊಲಿಗೆ ಒಣಗಿಲ್ಲ, ಎದೆಯಲ್ಲಿ ಹಾಲು ಕಟ್ಟುತ್ತಿದೆ. ಆದರೂ ಅವಳು ಈಗ ಬರೀ "ಪೇಷಂಟ್ ಕಡೆಯವರು". ಹಾಗಾಗಿ ಈ ಲೇಖನ ಗಂಡ, ಅವ್ವ, ಅತ್ತೆ, ಅಕ್ಕ, ವೈನಿ, ಪಕ್ಕದ ಮನೆಯವರು, ಹೀಗೆ ತಾಯಿಯ ಸುತ್ತ ಇರುವವರಿಗಾಗಿ.

1. ಮೊದಲು ಬಾಯಿಗೆ ಬೀಗ ಹಾಕಿ

ದುಡ್ಡಿಗಿಂತ, ಬುತ್ತಿಗಿಂತ ಮೊದಲು ಬೇಕಾದದ್ದು ಇದು. ಮಗು ನೋಡಲು ಬಂದವರು ಬಾಗಿಲಲ್ಲೇ ಶುರು ಮಾಡುತ್ತಾರೆ: "ಗ್ರಹಣದಾಗ ಹೊರಗ ಬಂದಿದ್ದೇನವಾ?" "ಪಪ್ಪಾಯಿ ತಿಂದಿದ್ಯಾ?" "ನಮ್ಮ ವಂಶದಾಗಂತೂ ಯಾರಿಗೂ ಹಿಂಗಿಲ್ಲ." ಕೇಳಿದವರು ಮನೆಗೆ ಹೋಗಿ ಮರೆಯುತ್ತಾರೆ. ತಾಯಿ ಆ ಒಂಬತ್ತು ತಿಂಗಳನ್ನು ದಿನಕ್ಕೊಂದರಂತೆ ಬಿಚ್ಚಿ, ತಪ್ಪು ಎಲ್ಲಾಯಿತು ಅಂತ ಹುಡುಕುತ್ತಾ ಕೂರುತ್ತಾಳೆ.

ಹಾಗಾದರೆ ಕಾರಣ ಏನು? ಬಹಳಷ್ಟು ಸಲ ಇಂಥದ್ದೇ ಎಂದು ಡಾಕ್ಟರಿಗೂ ಹೇಳಲು ಬರುವುದಿಲ್ಲ. ಯಾವಾಗ ಆಗುತ್ತದೆ ಎಂಬುದು ಮಾತ್ರ ಗೊತ್ತಿದೆ. ಬೆನ್ನುಹುರಿಯಾಗುವ ನಾಳ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಮೇಲ್ತುಟಿ ಕೂಡಿಕೊಳ್ಳುವುದು ಆರೇಳು ವಾರದ ಹೊತ್ತಿಗೆ. ಹೃದಯದ ಕೋಣೆಗಳು ಎಂಟು ವಾರದೊಳಗೆ ರೂಪ ಪಡೆಯುತ್ತವೆ. ಅಂದರೆ ಎಷ್ಟೋ ಸಲ ಮುಟ್ಟು ನಿಂತದ್ದು ಖಾತ್ರಿಯಾಗುವ ಮೊದಲೇ, ತಾಯಿ ಕಾರ್ಡ್ ಮಾಡಿಸುವ ಮೊದಲೇ ಆಗುವುದು ಆಗಿಬಿಟ್ಟಿರುತ್ತದೆ. ಏಳನೇ ತಿಂಗಳಲ್ಲಿ ಬಂದ ಗ್ರಹಣಕ್ಕೂ ತುಟಿಗೂ ಸಂಬಂಧವೇ ಇಲ್ಲ. ಈ ಲೆಕ್ಕವನ್ನು ತಾಯಿಗೆ ನಿಧಾನವಾಗಿ ಹೇಳಿ. ಅತ್ತೆಗೂ ಹೇಳಿ, ಅವರಿಗೆ ಇನ್ನೂ ಜಾಸ್ತಿ ಬೇಕು.

ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ಮದುವೆ ಮಾಡುವುದು ನಮ್ಮ ಕಡೆ ಹೊಸದಲ್ಲ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಕೆಲವು ತೊಂದರೆಗಳ ಸಾಧ್ಯತೆ ಹೆಚ್ಚುತ್ತದೆ, ನಿಜ. ಆದರೆ ಆ ಮದುವೆ ಗೊತ್ತು ಮಾಡಿದವರು ಹಿರಿಯರು, ಈಗ ಮಾತು ಕೇಳಿಸಿಕೊಳ್ಳುವವಳು ಅವಳು. ಇದು ಯಾವ ನ್ಯಾಯ? ಮುಂದಿನ ಮಗುವಿನ ಯೋಚನೆ ಬಂದಾಗ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಮುಂದೆ ಕೂತು ಕೇಳಬೇಕಾದ ವಿಷಯ ಇದು. ಈಗ ಬೇಡ.

ಸಮಾಧಾನ ಅಂದುಕೊಂಡು ಹೇಳುವ ಮಾತುಗಳೂ ಚುಚ್ಚುತ್ತವೆ. "ಇನ್ನೊಂದು ಆಗತೈತಿ ಬಿಡು" ಅನ್ನಬೇಡಿ, ಅವಳಿಗೆ ಬೇಕಾದದ್ದು ಒಳಗಿರುವ ಈ ಮಗು. "ಅಳಬ್ಯಾಡ, ಹಾಲು ಬತ್ತತೈತಿ" ಅಂದರೆ ಅಳುವುದಕ್ಕೂ ಹೆದರುತ್ತಾಳೆ. "ಹೆಣ್ಣು ಕೂಸ ಐತಲ್ಲ, ಯಾಕಿಷ್ಟು ಖರ್ಚು" ಎಂಬ ಮಾತು ಬಂದರೆ, ಹೇಳಿದವರು ಎಷ್ಟೇ ಹಿರಿಯರಾಗಿರಲಿ, ಅಲ್ಲೇ ತಡೆಯಿರಿ. ಏನು ಹೇಳಬೇಕೆಂದು ತಿಳಿಯದಿದ್ದರೆ "ಉಂಡಿಯೇನವಾ?" ಸಾಕು. "ನಿಂದೇನೂ ತಪ್ಪಿಲ್ಲ, ನಾ ಇಲ್ಲೇ ಅದೀನಿ" ಅಂದು ಪಕ್ಕದಲ್ಲಿ ಕೂತರೆ ಇನ್ನೂ ಒಳ್ಳೆಯದು.

ಇನ್ನೆರಡು ಎಚ್ಚರಿಕೆ. ತಾಯಿಯಿಂದ ವಿಷಯ ಮುಚ್ಚಿಡಬೇಡಿ. "ಕೂಸಿಗೆ ಸ್ವಲ್ಪ ಕಾಮಾಲಿ, ಅಷ್ಟ" ಅಂತ ಸುಳ್ಳು ಹೇಳಿದ್ದು ಸಂಜೆಯೊಳಗೆ ಇನ್ಯಾರದೋ ಬಾಯಿಂದ ಬಯಲಾಗುತ್ತದೆ, ಆಮೇಲೆ ಅವಳು ಯಾರನ್ನೂ ನಂಬುವುದಿಲ್ಲ. ಮತ್ತೆ, ಮಗುವಿನ ಫೋಟೋ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. "ಪ್ರಾರ್ಥನೆ ಮಾಡಿ" ಅಂತ ಬರೆದು ಹಾಕಿದರೂ ಬೇಡ.

2. ಇಬ್ಬರನ್ನು ಗೊತ್ತು ಮಾಡಿ

ಹತ್ತು ಜನ ವೆರಾಂಡದಲ್ಲಿ ನಿಂತರೆ ಕೆಲಸ ಆಗುವುದಿಲ್ಲ. ಇಬ್ಬರು ಸಾಕು. ಒಬ್ಬರು ತಾಯಿಯ ಜೊತೆ ಇರುವವರು, ಸಾಮಾನ್ಯವಾಗಿ ಅವ್ವ ಅಥವಾ ಅಕ್ಕ. ಇನ್ನೊಬ್ಬರು ಓಡಾಡುವವರು: ಔಷಧಿ ಅಂಗಡಿ, ಲ್ಯಾಬ್, ಬಿಲ್ ಕೌಂಟರ್, ರಕ್ತನಿಧಿ. ಊರಿನ ಬಂಧುಗಳ ಫೋನ್ ಕೂಡ ಈ ಎರಡನೆಯವರೇ ಎತ್ತಲಿ. ತಾಯಿಯ ಫೋನಿಗೆ ದಿನಕ್ಕೆ ಇಪ್ಪತ್ತು ಸಲ "ಈಗ ಹೆಂಗೈತಿ?" ಅಂತ ಕೇಳಿದರೆ ಅವಳು ಇಪ್ಪತ್ತು ಸಲ ಅದೇ ಸಂಕಟ ಹೇಳಿಕೊಳ್ಳಬೇಕು.

ಗಂಡನಿಗೆ ಒಂದು ಮಾತು. ಚೊಚ್ಚಲ ಹೆರಿಗೆ ತವರಿನದು, ಅವರೇ ನೋಡಿಕೊಳ್ಳುತ್ತಾರೆ ಅಂತ ದೂರ ನಿಲ್ಲಬೇಡಿ. ಡಾಕ್ಟರ್ ಮಾತಾಡುವಾಗ ನೀವು ಎದುರಿಗಿರಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಬೇಕಾದಾಗ ನಿಮ್ಮನ್ನು ಹುಡುಕುವ ಹಾಗೆ ಆಗಬಾರದು.

ಜೊತೆಗಿರುವವರಿಗೆ ಪಾಳಿ ಹಾಕಿ. ಅರವತ್ತು ದಾಟಿದ ಅವ್ವ ವಾರಗಟ್ಟಲೆ ನೆಲದ ಮೇಲೆ ಮಲಗಿದರೆ ಕೊನೆಗೆ ಅವರನ್ನೂ ಅಡ್ಮಿಟ್ ಮಾಡಬೇಕಾಗುತ್ತದೆ.

3. ಬಾಣಂತಿಯ ದೇಹ ನೋಡಿಕೊಳ್ಳಿ

ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತವಳಿಗೆ ಉಚಿತ ಊಟ ಇರುವುದು ಸಹಜ ಹೆರಿಗೆಯಾದರೆ 3 ದಿನ, ಸಿಸೇರಿಯನ್ ಆದರೆ 7 ದಿನ. ಮಗು ತಿಂಗಳುಗಟ್ಟಲೆ ಒಳಗಿರಬಹುದು, ಆಮೇಲೆ ಊಟ ನಿಮ್ಮ ಜವಾಬ್ದಾರಿ. ಬುತ್ತಿ ಕಟ್ಟುವವರು ಯಾರು, ಯಾವ ಹೊತ್ತಿಗೆ ಎಂದು ಮೊದಲೇ ಹಂಚಿಕೊಳ್ಳಿ. ಮೆತ್ತಗಿನ ರೊಟ್ಟಿ, ಸಬ್ಬಸಗಿ ಪಲ್ಯ, ಬೇಳೆ, ಅನ್ನ, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಅಂಟಿನ ಉಂಡಿ, ಅಳವಿ ಪಾಯಸ ಕಳಿಸಿದರೂ ಸಂತೋಷ, ಆದರೆ ಬರೀ ಅದನ್ನೇ ಅಲ್ಲ. ನೀರು ಕಡಿಮೆ ಕೊಡುವ ಹಳೆಯ ಪದ್ಧತಿ ಬಿಟ್ಟುಬಿಡಿ. ಹಾಲು ಹಿಂಡುವ ಬಾಣಂತಿಗೆ ನೀರಡಿಕೆ ಜಾಸ್ತಿ, ಕೇಳಿದಷ್ಟು ಕೊಡಿ.

ಮಗುವಿನ ಆಪರೇಷನ್ ದಿನ ಉಪವಾಸ ಹಿಡಿಯುವ ತಾಯಂದಿರು ಬಹಳ. ಹರಕೆಯನ್ನು ಬೇರೆಯವರು ಹೊರಲಿ. ಸಿದ್ಧಾರೂಢ ಮಠಕ್ಕೆ ಹೋಗಿ ಬರಲು ಮನೆಯಲ್ಲಿ ಬೇರೆ ಜನ ಇದ್ದಾರಲ್ವಾ?

ಮಲಗಲು ಜಾಗ ಹುಡುಕುವುದು ನಿಜವಾಗಿ ಕಷ್ಟದ ಕೆಲಸ. ಕೆಲವು ಕಡೆ ಒಳಗಿರುವ ಮಕ್ಕಳ ತಾಯಂದಿರಿಗೆ ಬೇರೆ ಕೋಣೆ ಇರುತ್ತದೆ. ಯಾರೂ ತಾವಾಗಿ ಹೇಳುವುದಿಲ್ಲ, ಎನ್‌ಐಸಿಯು ಸಿಸ್ಟರ್ ಹತ್ತಿರ ನೀವೇ ಕೇಳಿ. ಇಲ್ಲವಾದರೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಬಂಧುಗಳ ಮನೆಯನ್ನೋ ಕೋಣೆಯನ್ನೋ ನೋಡಿ. ಆಸ್ಪತ್ರೆಯಲ್ಲೇ ಇರುವುದಾದರೆ ದಪ್ಪ ಕೌದಿ, ಸ್ವೆಟರ್, ಎರಡು ಜೊತೆ ಮುಂದೆ ಗುಂಡಿ ಇರುವ ನೈಟಿ, ಪ್ಯಾಡ್, ಬಿಸಿನೀರಿನ ಫ್ಲಾಸ್ಕ್ ತನ್ನಿ.

ಕಬ್ಬಿಣಾಂಶದ ಮಾತ್ರೆ ಹೆರಿಗೆಯಾದ ಮೇಲೂ 180 ದಿನ ತೆಗೆದುಕೊಳ್ಳಬೇಕು. ಮಗುವಿನ ಔಷಧಿ ಚೀಟಿಗಳ ನಡುವೆ ತಾಯಿಯ ಮಾತ್ರೆ ಕಳೆದುಹೋಗುವುದು ಮಾಮೂಲು. ಹೊಲಿಗೆ ತೋರಿಸುವ ದಿನ ಕೂಡ ಅವಳಿಗೆ ನೆನಪಿರುವುದಿಲ್ಲ, ನೀವು ನೆನಪಿಡಿ.

ಕೆಳಗಿನ ಯಾವುದೊಂದು ಕಂಡರೂ ತಾಯಿಯನ್ನು ಆ ಕ್ಷಣವೇ ಹೆರಿಗೆ ವಿಭಾಗಕ್ಕೆ ಕರೆದೊಯ್ಯಿರಿ: ಒಂದು ತಾಸಿನಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, ಚಳಿಜ್ವರ, ಕೆಟ್ಟ ವಾಸನೆಯ ಸ್ರಾವ, ಹೊಲಿಗೆಯಲ್ಲಿ ಕೀವು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಉಸಿರಾಟದ ತೊಂದರೆ, ಒಂದೇ ಕಾಲಿನ ಮೀನಖಂಡದಲ್ಲಿ ಬಾವು, ನೋವು. "ನನಗೇನಾಗಿಲ್ಲ, ಕೂಸಿನ್ನ ನೋಡ್ರಿ" ಅನ್ನುತ್ತಾಳೆ. ಆ ಮಾತು ಕೇಳಬೇಡಿ.

4. ಹಾಲಿನ ಕೆಲಸ

ಮಗುವಿಗೆ ಬಾಯಿಂದ ಏನೂ ಕೊಡುತ್ತಿಲ್ಲ ಅಂದಮಾತ್ರಕ್ಕೆ ತಾಯಿ ಹಾಲು ಹಿಂಡುವುದನ್ನು ನಿಲ್ಲಿಸಬಾರದು. ನಿಲ್ಲಿಸಿದರೆ ಹಾಲು ಇಳಿದುಹೋಗುತ್ತದೆ, ಮಗು ಕುಡಿಯುವ ಹೊತ್ತಿಗೆ ಎದೆ ಬರಿದಾಗಿರುತ್ತದೆ. ಹೆರಿಗೆಯಾದ ಮೊದಲ ಕೆಲವು ತಾಸಿನಲ್ಲೇ ಶುರು ಮಾಡಿ, ಹಗಲು ರಾತ್ರಿ ಸೇರಿ ದಿನಕ್ಕೆ 8 ಸಲವಾದರೂ ಹಿಂಡಬೇಕು. ರಾತ್ರಿಯದನ್ನು ಬಿಡಬಾರದು. ಮೊದಲ ದಿನಗಳಲ್ಲಿ ಬರುವುದು ಕೆಲವೇ ಹನಿ ಹಳದಿ ಹಾಲು. "ಇಷ್ಟ ಬಂತಾ?" ಅಂತ ಮುಖ ಮಾಡಬೇಡಿ. ಆ ಹನಿಗಳಲ್ಲೇ ಸೋಂಕು ತಡೆಯುವ ಶಕ್ತಿ ಇರುವುದು.

ಕೈ ಸಾಬೂನಿನಿಂದ ತೊಳೆದು, ಆಸ್ಪತ್ರೆ ಹೇಳಿದ ಸ್ವಚ್ಛ ಬಟ್ಟಲಿಗೆ ಹಿಂಡಿ, ಹೆಸರು ಮತ್ತು ಸಮಯ ಬರೆದು ಕೊಡಬೇಕು. ಹೊರಗೆ 4 ತಾಸಿಗಿಂತ ಹೆಚ್ಚು ಇಡಬೇಡಿ. ನಿಮ್ಮ ಕೆಲಸ ಏನು? ಮರೆ ಇರುವ ಜಾಗ ಹುಡುಕಿ ಕೊಡುವುದು, ಬಟ್ಟಲು ತೊಳೆದು ಕುದಿಸುವುದು, ರಾತ್ರಿ ಅಲಾರಂ ಇಟ್ಟು ಎಬ್ಬಿಸುವುದು. ಎದೆ ಕಲ್ಲಿನಂತೆ ಗಟ್ಟಿಯಾಗಿ ಜ್ವರ ಬಂದರೆ ಡಾಕ್ಟರಿಗೆ ತೋರಿಸಿ.

ಸೀಳುತುಟಿ ಮಾತ್ರ ಇದ್ದರೆ ಎಷ್ಟೋ ಮಕ್ಕಳು ಎದೆಯಲ್ಲೇ ಕುಡಿಯುತ್ತವೆ. ಅಂಗುಳವೂ ಸೀಳಿದ್ದರೆ ಚೀಪಲು ಬರುವುದಿಲ್ಲ. ಮಗುವನ್ನು ನೆಟ್ಟಗೆ ಎತ್ತಿ ಹಿಡಿದು ಚಮಚ, ಒಳಲೆ ಅಥವಾ ಅದಕ್ಕೆಂದೇ ಬರುವ ಬಾಟಲಿಯಿಂದ ಹಿಂಡಿದ ಹಾಲು ಕೊಡಬೇಕು, ನಡುನಡುವೆ ತೇಗು ಬರಿಸಬೇಕು. ನರ್ಸ್ ತೋರಿಸುವಾಗ ತಾಯಿಯ ಜೊತೆ ನೀವೂ ಕಲಿಯಿರಿ. ಮನೆಗೆ ಹೋದ ಮೇಲೆ ಒಬ್ಬಳೇ ಕಲಿತಿದ್ದರೆ ಒಬ್ಬಳೇ ಎದ್ದಿರಬೇಕಾಗುತ್ತದೆ.

ಡಾಕ್ಟರ್ ಒಪ್ಪಿದರೆ ಕಾಂಗರೂ ಆರೈಕೆ ಮಾಡಿ. ಅಂದರೆ ಮಗುವನ್ನು ಬರಿ ಮೈಯಲ್ಲಿ ತಾಯಿಯ ಎದೆಗೆ ಅಂಟಿಸಿ ಮಲಗಿಸುವುದು. ಅಪ್ಪನೂ ಮಾಡಬಹುದು, ನಾಚಿಕೆ ಬೇಡ. ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆಯಿಂದ ಹೊರಗೆ ತೆಗೆಯುವಂತಿಲ್ಲದಿದ್ದರೆ, ಕೈ ತೊಳೆದು ಮಗುವಿನ ಅಂಗೈಗೆ ಬೆರಳು ಕೊಡಬಹುದೇ ಎಂದು ಕೇಳಿ.

5. ಡಾಕ್ಟರ ಜೊತೆ ಮಾತು

ಒಂದು ನೂರು ಪುಟದ ನೋಟ್‌ಬುಕ್ ಕೊಳ್ಳಿ. ದಿನಾಂಕ, ಮಗುವಿನ ತೂಕ, ಡಾಕ್ಟರ್ ಹೇಳಿದ್ದು, ನಾಳೆ ಕೇಳಬೇಕಾದದ್ದು ಬರೆಯಿರಿ. ರೌಂಡ್ಸ್ ಹೊತ್ತಿನಲ್ಲಿ ತಾಯಿಯನ್ನು ಮುಂದೆ ನಿಲ್ಲಿಸಿ. ಗಂಡಸರು ಹೊರಗೆ ಮಾತಾಡಿ ಮುಗಿಸಿ "ಎಲ್ಲಾ ಸರಿ ಹೋಗತೈತಿ" ಅಂತ ಬರುವುದು ಬೇಡ. ಕೇಳಬೇಕಾದ್ದು ಇಷ್ಟು: ತೊಂದರೆಯ ಹೆಸರೇನು, ಬರೆದು ಕೊಡಿ. ಈಗಲೇ ಆಪರೇಷನ್ ಬೇಕೋ, ಕಾಯಬಹುದೋ? ಇಲ್ಲೇ ಆಗುತ್ತದೋ, ಬೇರೆ ಕಡೆ ಕಳಿಸುತ್ತೀರೋ? ಬೇರೆ ಅಂಗಗಳನ್ನೂ ಪರೀಕ್ಷೆ ಮಾಡಬೇಕೋ?

ಕಿವಿಗೆ ಬೀಳುವ ಕೆಲವು ಪದಗಳು. ಎಕೋ ಎಂದರೆ ಹೃದಯದ ಸ್ಕ್ಯಾನ್. ವಿಎಸ್‌ಡಿ ಎಂದರೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ತೂತು, ಎಎಸ್‌ಡಿ ಎಂದರೆ ಮೇಲಿನ ಎರಡರ ನಡುವಿನದು. ಸಣ್ಣ ವಿಎಸ್‌ಡಿ ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದೆ. ಎನ್‌ಪಿಒ ಅಂದರೆ ಬಾಯಿಂದ ಏನೂ ಕೊಡಬಾರದು. ಸೆಪ್ಸಿಸ್ ಅಂದರೆ ಮೈಯೆಲ್ಲ ಹರಡಿದ ಸೋಂಕು. ಕ್ಯಾರಿಯೋಟೈಪ್ ಅಂದರೆ ರಕ್ತದಿಂದ ವರ್ಣತಂತುಗಳನ್ನು ನೋಡುವ ಪರೀಕ್ಷೆ, ಡೌನ್ ಸಿಂಡ್ರೋಮ್ (ಒಂದು ವರ್ಣತಂತು ಹೆಚ್ಚಾಗಿರುವುದರಿಂದ ಬರುವ ತೊಂದರೆ) ಖಾತ್ರಿ ಮಾಡುವುದು ಇದರಿಂದ.

ಹೃದಯದ ತೊಂದರೆಯೊಂದಿಗೆ ಹುಟ್ಟುವ ಮಕ್ಕಳು ಸಾವಿರಕ್ಕೆ ಎಂಟು ಒಂಬತ್ತು. ಸೀಳುತುಟಿ, ಸೀಳಂಗುಳ ಸುಮಾರು ಏಳುನೂರಕ್ಕೆ ಒಂದು. "ನನಗೊಬ್ಬಳಿಗೇ ಯಾಕೆ" ಅನ್ನುವವಳಿಗೆ ಈ ಅಂಕಿ ಹೇಳಿ. ಅದೇ ವೆರಾಂಡದಲ್ಲಿ ಕೂತ ಇನ್ನೊಬ್ಬ ತಾಯಿಯ ಪರಿಚಯ ಮಾಡಿಸಿದರೆ ಅಂಕಿಗಿಂತ ಹೆಚ್ಚು ಕೆಲಸ ಆಗುತ್ತದೆ.

6. ಕಾಗದ, ಕಾರ್ಡು, ದುಡ್ಡು

ಓಡಾಡುವವರ ಮುಖ್ಯ ಕೆಲಸ ಇದು. ಬೇಕಾದ್ದು: ತಾಯಿ ಕಾರ್ಡ್, ಅಪ್ಪ ಅಮ್ಮ ಇಬ್ಬರ ಆಧಾರ್, ರೇಷನ್ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಎಲ್ಲದರ ನಾಲ್ಕೈದು ಜೆರಾಕ್ಸ್. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಹೆಸರು ಇಟ್ಟಿಲ್ಲ ಎಂದು ಕಾಯಬೇಡಿ, ಹೆಸರನ್ನು ಆಮೇಲೆ ಸೇರಿಸಬಹುದು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ನಿಗದಿಪಡಿಸಿದ ದರದ 30%, ವರ್ಷಕ್ಕೆ 1.5 ಲಕ್ಷದವರೆಗೆ. ಜನ ಎಡವುವುದು ಮೂರು ಕಡೆ. ಒಂದು, ಸೊಸೆಯ ಹೆಸರು ಇನ್ನೂ ತವರಿನ ರೇಷನ್ ಕಾರ್ಡಿನಲ್ಲೇ ಇರುತ್ತದೆ. ಮಗುವನ್ನು ಯಾವ ಕಾರ್ಡಿನಡಿ ಸೇರಿಸಿಕೊಳ್ಳುತ್ತಾರೆ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ (ಯೋಜನೆಯ ಕೌಂಟರಿನಲ್ಲಿ ಕೂರುವವರು) ಮೊದಲ ದಿನವೇ ಕೇಳಿ. ಎರಡು, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗುವುದು. ತುರ್ತು ಇದ್ದರೆ ಮಾತ್ರ ಪತ್ರ ಇಲ್ಲದೆ ನಡೆಯುತ್ತದೆ. ಮೂರು, ಮೊದಲು ದುಡ್ಡು ಕಟ್ಟಿ ಆಮೇಲೆ ಯೋಜನೆಯಲ್ಲಿ ವಾಪಸ್ ಪಡೆಯುತ್ತೇವೆ ಅಂದುಕೊಳ್ಳುವುದು. ದಾಖಲಾಗುವಾಗಲೇ ಯೋಜನೆಯಡಿ ಹೆಸರು ಬರೆಸಿ. ಅನುಮಾನ ಇದ್ದರೆ 104ಕ್ಕೆ ಫೋನ್ ಮಾಡಿ.

ಇದಲ್ಲದೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ಎಲ್ಲರೂ ಆರ್‌ಬಿಎಸ್‌ಕೆ ಅನ್ನುತ್ತಾರೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ, ಚಿಕಿತ್ಸೆಗೆ ಇರುವುದು ಇದು. ಬೆನ್ನುಹುರಿಯ ದೋಷ, ಸೀಳುತುಟಿ, ತಿರುಚಿದ ಪಾದ, ಹುಟ್ಟು ಕಿವುಡು, ಹುಟ್ಟು ಕಣ್ಣಿನ ಪೊರೆ, ಹೃದಯದ ತೊಂದರೆ, ಡೌನ್ ಸಿಂಡ್ರೋಮ್ ಎಲ್ಲ ಇದರ ಪಟ್ಟಿಯಲ್ಲಿವೆ. ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ ತಾಲೂಕಿನ ತಂಡದಲ್ಲಿ ಮಗುವಿನ ಹೆಸರು ಬರೆಸಿ.

ಯಾವ ತೊಂದರೆಗೆ ಎಲ್ಲಿ? ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ನಮ್ಮ ಭಾಗದ ದೊಡ್ಡ ಸರ್ಕಾರಿ ಆಸ್ಪತ್ರೆ. ಗದಗಿನವರಿಗೆ ಜಿಮ್ಸ್, ಹಾವೇರಿಯವರಿಗೆ ಜಿಲ್ಲಾ ಆಸ್ಪತ್ರೆ ಮೊದಲ ಬಾಗಿಲು. ಸೀಳುತುಟಿಗೆ ಧಾರವಾಡದ ಸತ್ತೂರಿನ ಎಸ್‌ಡಿಎಂನಲ್ಲಿ ಅದಕ್ಕೆಂದೇ ವಿಭಾಗ ಇದೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಕಿಮ್ಸ್ ಮುಂದೆಯೂ ನಿಲ್ಲುತ್ತದೆ, ಎಸ್‌ಡಿಎಂ ಮುಂದೆಯೂ ನಿಲ್ಲುತ್ತದೆ. ಹೃದಯದ ಆಪರೇಷನ್‌ಗೆ ಬೆಳಗಾವಿಗೋ ಬೆಂಗಳೂರಿಗೋ ಕಳಿಸುವುದುಂಟು. ಆಗ ಬಾಣಂತಿಯನ್ನು ಬಿಟ್ಟು ಮಗುವನ್ನಷ್ಟೇ ಒಯ್ಯುವ ಯೋಚನೆ ಬೇಡ. ಅವಳು ಪ್ರಯಾಣ ಮಾಡಬಹುದೇ ಎಂದು ಡಾಕ್ಟರನ್ನು ಕೇಳಿ, ಆಗುವುದಾದರೆ ಕರೆದುಕೊಂಡೇ ಹೋಗಿ.

ಸಹಾಯ ಮಾಡಬೇಕೆನ್ನುವ ಬಂಧುಗಳಿಗೆ: "ಏನಾರ ಬೇಕಂದ್ರ ಹೇಳು" ಅನ್ನಬೇಡಿ, ಅವಳು ಹೇಳುವುದಿಲ್ಲ. ಸುಮ್ನೆ ಒಂದು ಕವರಿನಲ್ಲಿ ಐನೂರೋ ಸಾವಿರವೋ ಹಾಕಿ ಅವಳ ಕೈಗೇ ಕೊಡಿ. ಊರಲ್ಲಿ ಉಳಿದ ದೊಡ್ಡ ಮಗುವನ್ನು ಶಾಲೆಗೆ ಕಳಿಸುವುದು, ಎಮ್ಮೆ ಹಿಂಡುವುದು, ಇವೂ ಸಹಾಯವೇ.

7. ಮನಸ್ಸು

ಮೊದಲೆರಡು ವಾರ ಅಳು, ಸಿಟ್ಟು, ನಿದ್ದೆ ಬಾರದಿರುವುದು ಎಷ್ಟೋ ಬಾಣಂತಿಯರಿಗೆ ಇರುತ್ತದೆ. ಅದು ಎರಡು ವಾರ ದಾಟಿದರೆ, ಊಟ ಬಿಟ್ಟರೆ, ಮಗುವನ್ನು ನೋಡಲೂ ಒಲ್ಲೆ ಎಂದರೆ ಡಾಕ್ಟರಿಗೆ ಹೇಳಲೇಬೇಕು. "ನಾ ಸತ್ತರ ಚೊಲೋ" ಎಂಬ ಮಾತು ಬಂದರೆ, ಇಲ್ಲದ್ದು ಕೇಳಿಸುತ್ತದೆ ಎಂದರೆ, ಅದೇ ದಿನ ಹೇಳಿ, ಒಬ್ಬಳನ್ನೇ ಬಿಡಬೇಡಿ. ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. "ಅಲ್ಲಿಗೆ ಹೋದ್ರ ಜನ ಏನಂತಾರ" ಅನ್ನುವವರಿಗೆ, ಜನ ಏನೂ ಅನ್ನದಿದ್ದರೂ ಕಾಯಿಲೆ ಅಲ್ಲೇ ಇರುತ್ತದೆ ಎಂದು ಹೇಳಿ.

ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಹಾಗಾದರೆ ತಾಯಿಗೆ ತೋರಿಸದೆ ಮಣ್ಣು ಮಾಡಿ ಬರಬೇಡಿ. ನೋಡಬೇಕು, ಎತ್ತಿಕೊಳ್ಳಬೇಕು ಎಂದರೆ ಬಿಡಿ, ಒಲ್ಲೆ ಎಂದರೆ ಒತ್ತಾಯ ಬೇಡ. ಆಮೇಲೂ ಎದೆಗೆ ಹಾಲು ಬರುತ್ತದೆ, ಅದನ್ನು ತಡೆದುಕೊಳ್ಳುವುದು ಬಹಳ ಕಷ್ಟ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ತಣ್ಣನೆ ಬಟ್ಟೆ ಇಡಿ, ನೋವಿಗೆ ಏನು ಕೊಡಬಹುದೆಂದು ಡಾಕ್ಟರನ್ನು ಕೇಳಿ.

8. ಊರಿಗೆ ಹೊರಡುವಾಗ

ಡಿಸ್ಚಾರ್ಜ್ ಚೀಟಿ ಕೈಗೆ ಬಂದ ಮೇಲೆ ಮೂರು ವಿಷಯ ಬಾಯಿಂದ ಹೇಳಿಸಿಕೊಳ್ಳಿ: ಯಾವ ಔಷಧಿ ಎಷ್ಟು ಹನಿ, ಮತ್ತೆ ಯಾವಾಗ ಬರಬೇಕು, ಏನು ಕಂಡರೆ ಓಡಿ ಬರಬೇಕು. ಹಾಲು ಕುಡಿಯುವಾಗ ಬೆವರುವುದು, ಪದೇಪದೇ ಸುಸ್ತಾಗಿ ಬಿಡುವುದು, ತುಟಿ ನೀಲಿಯಾಗುವುದು, ಎದೆಗೂಡು ಒಳಗೆ ಎಳೆದುಕೊಳ್ಳುವ ಉಸಿರು, ಜ್ವರ ಅಥವಾ ಮೈ ತಣ್ಣಗಾಗುವುದು, ಫಿಟ್ಸ್. ಇವಕ್ಕೆ ಬೆಳಗಾಗಲಿ ಎಂದು ಕಾಯಬಾರದು, 108ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಘುಟ್ಟಿ, ಜೇನು, ಮೂಗಿಗೆ ಎಣ್ಣೆ, ಹೊಟ್ಟೆಗೆ ಬರೆ ಯಾವುದೂ ಬೇಡ. ಒಂದು ವರ್ಷದೊಳಗಿನ ಯಾವ ಮಗುವಿಗೂ ಜೇನು ಕೊಡಬಾರದು. ತೊಟ್ಟಿಲ ಕಾರ್ಯ ಚಿಕ್ಕದಾಗಿ ಮಾಡಿ, ಆದರೆ ಮಾಡಿ. ಈ ಮಗುವಿಗೆ ಮಾತ್ರ ಬಿಟ್ಟರೆ ತಾಯಿಗೆ ಅರ್ಥವಾಗುತ್ತದೆ.

ತಿರುಚಿದ ಪಾದಕ್ಕೆ ಪೋನ್ಸೆಟಿ ವಿಧಾನದ ಚಿಕಿತ್ಸೆ ಹುಟ್ಟಿದ ಕೆಲವೇ ವಾರಗಳಲ್ಲಿ ಶುರುವಾಗುತ್ತದೆ. ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸಬೇಕು, ಐದಾರು ಸಲವಾದರೂ. ಆಮೇಲೆ ಪಾದ ಮತ್ತೆ ತಿರುಗದಂತೆ ಹಾಕುವ ಬೂಟು ಮೂರು ತಿಂಗಳು ದಿನಕ್ಕೆ 23 ತಾಸು, ಆನಂತರ ನಾಲ್ಕು ವರ್ಷದವರೆಗೆ ಮಲಗುವಾಗ. "ಕಾಲು ನೆಟ್ಟಗಾತಲ್ಲ" ಅಂತ ಬೂಟು ಬಿಟ್ಟವರ ಮಕ್ಕಳ ಪಾದ ಮತ್ತೆ ತಿರುಗುತ್ತದೆ. ಸೀಳುತುಟಿಯ ಆಪರೇಷನ್ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ, ಅಂಗುಳದ್ದು 9ರಿಂದ 18 ತಿಂಗಳಲ್ಲಿ. ಅಷ್ಟರಲ್ಲಿ ತೂಕ ಬರಬೇಕು, ರಕ್ತ ಇರಬೇಕು. ಪ್ರತಿ ಭೇಟಿಗೂ ತಾಯಿಯ ಜೊತೆ ಇನ್ನೊಬ್ಬರು ಹೋಗಿ.

ಆಶಾ ಕಾರ್ಯಕರ್ತೆ ಹೆರಿಗೆಯಾದ 42ನೇ ದಿನದವರೆಗೆ ಮನೆಗೆ ಬಂದು ನೋಡಬೇಕು. ಆಸ್ಪತ್ರೆಯಿಂದ ಬಂದ ದಿನವೇ ಅವರಿಗೆ ತಿಳಿಸಿ. ಇನ್ನೊಂದು ಮಗು ಬೇಕೆಂದಾಗ, ಗರ್ಭ ನಿಲ್ಲುವ ಮೊದಲೇ ಡಾಕ್ಟರನ್ನು ನೋಡಿ ಫೋಲಿಕ್ ಆಸಿಡ್ ಶುರು ಮಾಡಬೇಕು. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಬೆನ್ನುಹುರಿಯ ದೋಷದ ಮಗು ಹುಟ್ಟಿದ್ದವರಿಗೆ ಅದರ ಹತ್ತು ಪಟ್ಟು ಬೇಕಾಗುತ್ತದೆ, ಅದನ್ನು ಡಾಕ್ಟರ್ ಬರೆದುಕೊಟ್ಟೇ ತೆಗೆದುಕೊಳ್ಳಬೇಕು. ಹಾಗಾಗಿ ಈ ಮಗುವಿನ ಡಿಸ್ಚಾರ್ಜ್ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಡಿ, ಆ ದಿನ ಅದು ಬೇಕು.